ಹಳೇ ಪುಸ್ತಕವನ್ನೇ ತಿದ್ದಿದ ವೈದ್ಯ

ಲಿ ಶಿಜೆನ್ ಹುಟ್ಟಿದ್ದು 1518ರಲ್ಲಿ, ಚೀನಾದ ಈಗಿನ ಹುಬೇ ಪ್ರಾಂತ್ಯದಲ್ಲಿ. ಅಪ್ಪ ವೈದ್ಯ. ಆಗ ಆ ಕಸುಬಿಗೆ ಅಂಥಾ ಮರ್ಯಾದೆ ಇರಲಿಲ್ಲ. ಮಗ ಸರ್ಕಾರಿ ಅಧಿಕಾರಿಯಾಗಲಿ ಅಂತ ಅಪ್ಪನ ಆಸೆ. ಮಗ ಪರೀಕ್ಷೆಯಲ್ಲಿ ಮೂರು ಸಲ ಫೇಲಾದ, ಕೊನೆಗೆ ವೈದ್ಯನೇ ಆದ.

ರೋಗಿಗಳನ್ನು ನೋಡ್ತಾ ಆತನಿಗೆ ಹಳೇ ಗ್ರಂಥಗಳ ತಪ್ಪುಗಳು ಕಂಡವು. ಒಂದೇ ಗಿಡಕ್ಕೆ ಎರಡು ಹೆಸರು, ಎರಡು ಗಿಡಕ್ಕೆ ಒಂದೇ ಹೆಸರು. ಇಂಥ ಗೊಂದಲದಲ್ಲಿ ಜೀವ ಹೋಗಬಹುದು. 1552ರಲ್ಲಿ ತಿದ್ದಲು ಕೂತ. ಮುಗಿಯಲು 27 ವರ್ಷ ಬೇಕಾಯ್ತು. ಊರೂರು ಅಲೆದು 1,892 ಔಷಧ ವಸ್ತುಗಳನ್ನು, 11 ಸಾವಿರಕ್ಕೂ ಹೆಚ್ಚು ಮದ್ದುಗಳನ್ನು ದಾಖಲಿಸಿದ. ಪಾದರಸ ಸೇವಿಸಿದರೆ ಸಾವಿಲ್ಲ ಎಂಬ ನಂಬಿಕೆಯನ್ನು ತಳ್ಳಿಹಾಕಿದ. ಆತನಿಂದಲೂ ತಪ್ಪುಗಳಾದವು. 1593ರಲ್ಲಿ ತೀರಿಕೊಂಡ; 'ಬೆನ್‌ಸಾವ್ ಗಾಂಗ್‌ಮು' ಅಚ್ಚಾಗಿ ಬಂದದ್ದು 1596ರಲ್ಲಿ.

ಇವತ್ತು ಜಗತ್ತಿನ ಲಿವರ್ ಕ್ಯಾನ್ಸರ್ ಪ್ರಕರಣಗಳಲ್ಲಿ ಹತ್ತಿರಹತ್ತಿರ ಅರ್ಧ ಚೀನಾದಲ್ಲೇ. ಹಾಗಾಗಿ ಪಾರಂಪರಿಕ ಔಷಧದ ಪ್ರಶ್ನೆ ಅಲ್ಲಿ ಬರೀ ಅಭಿಮಾನದ್ದಲ್ಲ. 'ಹುವಾಯ್ ಅರ್' ಎಂಬ ಅಣಬೆಯ ಔಷಧವನ್ನು 39 ಆಸ್ಪತ್ರೆಗಳಲ್ಲಿ, ಆಪರೇಷನ್ ಆದ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದರು. 2018ರ ಆ ವರದಿಯಲ್ಲಿ ಔಷಧ ತಗೊಂಡವರಿಗೆ ಕ್ಯಾನ್ಸರ್ ಮರುಕಳಿಸಿದ್ದು ಕಡಿಮೆ. ಆದರೆ ಉಳಿದವರಿಗೆ ಹುಸಿಗುಳಿಗೆ ಕೊಟ್ಟಿರಲಿಲ್ಲ, ಅದು ಕೊರತೆಯೇ. ಇನ್ನೊಂದು ಕಡೆ, ಅರಿಸ್ಟೊಲೋಕಿಯಾ ಜಾತಿಯ ಮೂಲಿಕೆಗಳಲ್ಲಿರುವ ಆಮ್ಲದ ಗುರುತು ತೈವಾನಿನ ಬಹುಪಾಲು ಲಿವರ್ ಕ್ಯಾನ್ಸರ್ ಗಡ್ಡೆಗಳ ಡಿಎನ್‌ಎಯಲ್ಲೇ ಸಿಕ್ಕಿತು ಅಂತ 2017ರ ಅಧ್ಯಯನ ಹೇಳಿತು.

ಒಂದೇ ಪರಂಪರೆ, ಒಂದು ಮದ್ದು, ಒಂದು ವಿಷ. ಪರಂಪರೆಯ ಹೆಸರಲ್ಲಿ ಔಷಧ ಮಾರುವವರನ್ನು, ಅದು ಯಾವ ದೇಶದ್ದೇ ಇರಲಿ, ನಾವು ಕೇಳಬೇಕಾದ್ದು ಇಷ್ಟೇ: ಇದು ಯಾವ ಗಿಡ? ಯಾರಿಗೆ ಕೊಟ್ಟು ನೋಡಿದ್ರಿ? ಏನಾಯ್ತು?