ಒಳ್ಳೆಯ ಚಿತ್ರಗಳನ್ನು ಹಳ್ಳಿಗೆ ತಂದ ಸುಬ್ಬಣ್ಣನವರು

ಚಲಚ್ಚಿತ್ರಗಳನ್ನು ಕುರಿತು ಮಾತನಾಡುವವರು ನಮ್ಮಲ್ಲಿ ಹೇರಳವಾಗಿದ್ದಾರೆ. ಆದರೆ ಜನರ ಕಣ್ಣಿಗೆ ಬೀಳದ ಒಳ್ಳೆಯ ಚಿತ್ರವೊಂದನ್ನು ಹುಡುಕಿ ತಂದು, ಅದನ್ನು ನೆರೆಯವರಿಗೆ ತೋರಿಸಿ, ಅದರ ಗುಣದೋಷಗಳನ್ನು ಅವರೊಡನೆ ಕುಳಿತು ವಿಚಾರ ಮಾಡುವವರು ವಿರಳ. ಕನ್ನಡನಾಡಿನಲ್ಲಿ ಈ ಕೆಲಸವನ್ನು ವ್ರತದಂತೆ ನಡೆಸಿದವರಲ್ಲಿ ಕೀರ್ತಿಶೇಷ ಕೆ. ವಿ. ಸುಬ್ಬಣ್ಣನವರು ಅಗ್ರಗಣ್ಯರು. ಅವರನ್ನು ನಾಟಕದವರೆಂದು ಎಲ್ಲರೂ ಬಲ್ಲರು. ಚಲಚ್ಚಿತ್ರಕ್ಕಾಗಿ ಅವರು ಮಾಡಿದ ಸೇವೆಯನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಸುಬ್ಬಣ್ಣನವರು 1932ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ, ಅಡಿಕೆ ತೋಟದ ಒಂದು ಕುಟುಂಬದಲ್ಲಿ ಜನಿಸಿದರು. 1949ರಲ್ಲಿ ಹೆಗ್ಗೋಡಿನ ಉತ್ಸಾಹಿಗಳು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದಾಗ ಅವರಿಗೆ ಕೇವಲ 17 ವರ್ಷ. ಇಂದು ‘ನೀನಾಸಂ’ ಎಂದು ಪ್ರಸಿದ್ಧವಾಗಿರುವ ಸಂಸ್ಥೆ ಇದೇ. ಮುಂದೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಪದವಿ ಪಡೆದರು. ಆ ಕಾಲದಲ್ಲಿ ಪದವೀಧರನಾದ ತರುಣನಿಗೆ ಪಟ್ಟಣದಲ್ಲಿ ಉದ್ಯೋಗ ದೊರೆಯುವುದು ಕಷ್ಟವಾಗಿರಲಿಲ್ಲ. ಆದರೂ ಅವರು ತಮ್ಮ ಹಳ್ಳಿಗೇ ಮರಳಿದರು. ತೋಟವನ್ನು ನೋಡಿಕೊಳ್ಳುತ್ತ ನಾಟಕ ಆಡಿಸಿದರು, ಅಕ್ಷರ ಪ್ರಕಾಶನವನ್ನು ಸ್ಥಾಪಿಸಿ ಪುಸ್ತಕಗಳನ್ನು ಹೊರತಂದರು. 1972ರಲ್ಲಿ ಹೆಗ್ಗೋಡಿನಲ್ಲಿ ರಂಗಮಂದಿರವೊಂದು ಎದ್ದಿತು. ಅದಕ್ಕೆ ನಮ್ಮ ಕರಾವಳಿಯ ಶಿವರಾಮ ಕಾರಂತರ ಹೆಸರನ್ನಿಟ್ಟರು. ಕಾರಂತರೂ 1930ರ ಸುಮಾರಿಗೆ ಮೂಕಚಿತ್ರಗಳನ್ನು ತಯಾರಿಸಲು ಕೈಹಾಕಿದವರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಮರುವರ್ಷ, ಅಂದರೆ 1973ರಲ್ಲಿ, ನೀನಾಸಂ ಚಿತ್ರಸಮಾಜ ಪ್ರಾರಂಭವಾಯಿತು. ಚಿತ್ರಸಮಾಜವೆಂಬುದು ಭಾರತಕ್ಕೆ ಹೊಸದೇನೂ ಅಲ್ಲ. ಸತ್ಯಜಿತ್ ರಾಯ್ ಮತ್ತು ಅವರ ಮಿತ್ರರು 1947ರಲ್ಲಿಯೇ ಕಲ್ಕತ್ತೆಯಲ್ಲಿ ಇಂಥದೊಂದನ್ನು ಸ್ಥಾಪಿಸಿದ್ದರು. ಆದರೆ ಇಂಥ ಸಮಾಜಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿ, ಇಂಗ್ಲಿಷ್ ಬಲ್ಲವರ ನಡುವೆ ಬೆಳೆದವು. ಅದನ್ನು ಅಡಿಕೆ ಬೆಳೆಗಾರರ, ಕೂಲಿಕಾರರ ಹಳ್ಳಿಗೆ ತಂದದ್ದೇ ಸುಬ್ಬಣ್ಣನವರ ವಿಶೇಷ. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಹೆಗ್ಗೋಡಿಗೆ ಚಿತ್ರಗಳು ಬಂದವು. ಅದರ ಮೇಲ್ವಿಚಾರಕರಾಗಿದ್ದ ಪಿ. ಕೆ. ನಾಯರ್, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದೂರ್ ಮೊದಲಾದವರು ಈ ಕಾರ್ಯಕ್ಕೆ ಒತ್ತಾಸೆಯಾಗಿ ನಿಂತರು. 1970ರ ದಶಕ ಮುಗಿಯುವಷ್ಟರಲ್ಲಿ ಚಿತ್ರೋತ್ಸವ, ಚಲನಚಿತ್ರ ರಸಗ್ರಹಣ ಶಿಬಿರ ಇವು ಹೆಗ್ಗೋಡಿನಲ್ಲಿ ನಡೆದಿದ್ದವು.

ಜಪಾನಿನ ಕುರೊಸಾವಾ ಅವರ ‘ರಾಶೋಮನ್’, ಇಟಲಿಯ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’, ರಾಯ್ ಅವರ ‘ಪಥೇರ್ ಪಾಂಚಾಲಿ’ ಮುಂತಾದ ಚಿತ್ರಗಳು ಹಳ್ಳಿಯವರಿಗೆ ಅರ್ಥವಾಗುವುದುಂಟೇ ಎಂಬ ಸಂದೇಹ ಯಾರಿಗಾದರೂ ಬರಬಹುದು. ಸುಬ್ಬಣ್ಣನವರು ಈ ಸಂದೇಹವನ್ನು ವಾದದಿಂದಲ್ಲ, ಕಾರ್ಯದಿಂದ ಪರಿಹರಿಸಿದರು. ಚಿತ್ರದ ವಿಷಯವನ್ನು ಕನ್ನಡದಲ್ಲಿ ಪರಿಚಯಿಸುವುದು, ಚಿತ್ರವನ್ನು ತೋರಿಸುವುದು, ಆಮೇಲೆ ಎಲ್ಲರೂ ಕುಳಿತು ಚರ್ಚಿಸುವುದು, ಇಷ್ಟೇ ಅವರ ಕ್ರಮ. ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವೇನಿದೆ? ಕೆಲಸಕ್ಕೆ ಆಧಾರವಾದ ಸೈಕಲ್ಲು ಕಳುವಾದರೆ ಬಡವನ ಸಂಸಾರದ ಗತಿ ಏನಾಗುವುದೆಂದು ತಿಳಿಯಲು ಇಟಲಿಯ ಭಾಷೆ ಬೇಕಿಲ್ಲ. ಬಿರುಮಳೆಯ ರಾತ್ರಿ ಮುರುಕು ಮನೆಯಲ್ಲಿ ಕಾಯಿಲೆಯ ಮಗುವನ್ನು ಕಾಯುವ ತಾಯಿಯ ಸಂಕಟವನ್ನು ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಲವು ವರ್ಷಗಳ ಅನಂತರವೂ ಹೆಗ್ಗೋಡಿನ ಜನ ಈ ಚಿತ್ರಗಳನ್ನು ನೆನೆದು ಮಾತನಾಡುವುದನ್ನು, ನಾಯರ್ ಅವರನ್ನು ಕುರಿತು 2012ರಲ್ಲಿ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಕಾಣಬಹುದು.

1983ರಿಂದ 1985ರವರೆಗೆ ನಡೆದ ‘ಜನಸ್ಪಂದನ’ ಯೋಜನೆಯಲ್ಲಿ ನಾಟಕ ಮತ್ತು ಚಲಚ್ಚಿತ್ರಗಳ ಶಿಬಿರಗಳು ಕರ್ನಾಟಕದ ಇತರ ಊರುಗಳಿಗೂ ಹೋದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಅವರ ಗ್ರಂಥಕ್ಕೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 2005ರ ಜುಲೈ 16ರಂದು ಅವರು ಕಾಲವಾದರು. ಕೀರ್ತಿ ದೂರದೇಶಗಳಿಗೆ ಹಬ್ಬಿದ ಮೇಲೂ ಅವರು ಹೆಗ್ಗೋಡನ್ನು ಬಿಡಲಿಲ್ಲ.

ಘಟ್ಟದ ಮೇಲಿನ ಈ ಮಹನೀಯರ ಜೀವನದಿಂದ, ಹೆಂಚಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ಮಂಗಳೂರಿನ ಜೆಪ್ಪುವಿನಲ್ಲಿ ಬೆಳೆದ ನನಗೇನು ಪ್ರಯೋಜನ? ನಾನು ನೋಡಿದ ಚಿತ್ರಗಳ ಬಗ್ಗೆ, ಅದರಲ್ಲೂ ಹೊಸಬರು ತೆಗೆದ ಮತ್ತು ಹೆಚ್ಚು ದಿನ ಥಿಯೇಟರಿನಲ್ಲಿ ನಿಲ್ಲದ ಚಿತ್ರಗಳ ಬಗ್ಗೆ, ವಿಮರ್ಶೆ ಬರೆಯುವ ಹವ್ಯಾಸವುಳ್ಳವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಸಿನೆಮಾ ನೋಡುವುದು ಕಾಲಹರಣವೆಂದು ಹಿರಿಯರ ಅಭಿಪ್ರಾಯ. ಅದರ ಮೇಲೆ ತೀರ್ಪು ಹೇಳುವುದು ತಿಳಿದವರ ಕೆಲಸವೆಂದು ನನ್ನ ಅಳುಕು. ಸುಬ್ಬಣ್ಣನವರ ಚರಿತ್ರೆಯನ್ನು ಓದಿದ ಮೇಲೆ ಈ ಎರಡಕ್ಕೂ ಉತ್ತರ ಸಿಕ್ಕಿತು. ಗಮನವಿಟ್ಟು ನೋಡಿ, ನೋಡಿದ್ದನ್ನು ನಾಲ್ವರೊಡನೆ ವಿಚಾರ ಮಾಡಿದರೆ ಅದು ವಿದ್ಯೆ. ಆ ವಿದ್ಯೆಗೆ ಪಟ್ಟಣ, ಮನೆತನ, ಇಂಗ್ಲಿಷು ಯಾವುದೂ ಅರ್ಹತಾಪತ್ರವಲ್ಲ.

ನಮ್ಮ ತುಳುನಾಡಿನಲ್ಲಿಯೇ ಇಂಥ ಕೆಲಸಕ್ಕೆ ಅವಕಾಶ ಬೇಕಾದಷ್ಟಿದೆ. 1971ರ ‘ಎನ್ನ ತಂಗಡಿ’ಯಿಂದ ಮೊದಲಾದ ತುಳು ಚಿತ್ರಗಳ ಸಾಲಿನಲ್ಲಿ, ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಮೀನುಗಾರರ ಬಾಳಿಗೆ ಹೊಂದಿಸಿದ ಅಭಯ ಸಿಂಹರ ‘ಪಡ್ಡಾಯಿ’ ರಾಷ್ಟ್ರಪ್ರಶಸ್ತಿ ಪಡೆದಿದೆ. ಬ್ಯಾರಿ ಭಾಷೆಯ ‘ಬ್ಯಾರಿ’ ಚಿತ್ರ 2011ರ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಮರಾಠಿ ಚಿತ್ರವೊಂದರೊಡನೆ ಹಂಚಿಕೊಂಡಿತು. ಆದರೂ ಇವೆರಡನ್ನೂ ನೋಡಿದವರು ನನ್ನ ತರಗತಿಯಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ನಮ್ಮ ಮಾತಿನಲ್ಲಿ ಬಂದ ಚಿತ್ರವನ್ನು ನಾವೇ ನೋಡದಿದ್ದರೆ ದೂರದವರು ನೋಡಲಿಲ್ಲವೆಂದು ಆಕ್ಷೇಪಿಸುವ ಅಧಿಕಾರ ನಮಗೆಲ್ಲಿಯದು?

ಹೆಗ್ಗೋಡಿನಲ್ಲಿ ಅಂದು ಚಿತ್ರವೊಂದನ್ನು ತರಿಸಬೇಕಾದರೆ ಪತ್ರ ಬರೆದು, ರೀಲುಗಳ ಪೆಟ್ಟಿಗೆ ಬರುವುದನ್ನು ಕಾಯಬೇಕಾಗಿತ್ತು. ನಮಗೆ ಆ ಶ್ರಮವಿಲ್ಲ. ಒಂದು ತರಗತಿಯ ಕೋಣೆ, ಒಂದು ಪ್ರೊಜೆಕ್ಟರು, ಶನಿವಾರದ ಒಂದು ಅಪರಾಹ್ನ ಸಾಕು. ನಮ್ಮ ಕಾಲೇಜಿನಲ್ಲಿ ಚಿತ್ರಸಮಾಜವೊಂದು ಹುಟ್ಟಲಿ. ಅಧ್ಯಾಪಕ ವರ್ಗದವರು ಇದಕ್ಕೆ ಮಾರ್ಗದರ್ಶಕರಾಗಲಿ. ಸುಬ್ಬಣ್ಣನವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ ಎಂದು ನನ್ನ ಭಾವನೆ.