ಮಲೆಯಾಳದ ಹಾದಿಯಲ್ಲಿ ಪುಟ್ಟಣ್ಣ ಕಣಗಾಲ್

ಚಲನಚಿತ್ರಕ್ಕೆ ಜನ ಸೇರುವುದು ಸಾಮಾನ್ಯವಾಗಿ ನಟರ ಹೆಸರಿನಿಂದ. ಕನ್ನಡದಲ್ಲಿ ನಿರ್ದೇಶಕನ ಹೆಸರಿಗೂ ಜನ ಸೇರುವಂತೆ ಮಾಡಿದ ಕೀರ್ತಿ ಎಸ್. ಆರ್. ಪುಟ್ಟಣ್ಣ ಕಣಗಾಲ್ ಅವರದು. ಆದರೆ ಅವರು ಸ್ವತಂತ್ರ ನಿರ್ದೇಶಕರಾದದ್ದು ಕನ್ನಡದಲ್ಲಲ್ಲ, ಮಲೆಯಾಳದಲ್ಲಿ ಎಂಬುದನ್ನು ಬಲ್ಲವರು ವಿರಳ.

ಪುಟ್ಟಣ್ಣನವರು 1933ನೆಯ ಇಸವಿ ಡಿಸೆಂಬರ್ 1ರಂದು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಹೊಟ್ಟೆಪಾಡಿಗಾಗಿ ಹಲವು ಕೆಲಸ ಮಾಡಿ, ಕೊನೆಗೆ ಬಿ. ಆರ್. ಪಂತುಲು ಅವರಲ್ಲಿ ಸಹಾಯಕರಾಗಿ ಸೇರಿ ಚಿತ್ರಕಲೆಯ ಒಳಹೊರಗನ್ನು ಅರಿತರು. ಪಂತುಲು ಅವರ 'ಸ್ಕೂಲ್ ಮಾಸ್ಟರ್' 1958ರಲ್ಲಿ ಕನ್ನಡದಲ್ಲಿ ಬಂದಿತ್ತು. ಅದೇ ಕಥೆಯನ್ನು 1964ರಲ್ಲಿ ಮಲೆಯಾಳದಲ್ಲಿ ನಿರ್ದೇಶಿಸುವ ಭಾರ ಪುಟ್ಟಣ್ಣನವರ ಹೆಗಲಿಗೆ ಬಿತ್ತು.

ಆ ಕಾಲದ ಮಲೆಯಾಳ ಚಿತ್ರಗಳ ವೈಶಿಷ್ಟ್ಯವೆಂದರೆ ಅವು ಸಾಹಿತ್ಯದೊಡನೆ ಬೆಳೆಸಿದ ನಂಟು. ಉರೂಬರು ಕಥೆ ಬರೆದ 'ನೀಲಕ್ಕುಯಿಲ್' 1954ರಲ್ಲಿಯೇ ಅಸ್ಪೃಶ್ಯತೆಯ ಕ್ರೌರ್ಯವನ್ನು ತೆರೆಯ ಮೇಲಿಟ್ಟಿತು. ತಕಳಿಯವರ ಕಾದಂಬರಿಯನ್ನಾಧರಿಸಿದ 'ಚೆಮ್ಮೀನ್' ಬೆಸ್ತರ ಬಾಳನ್ನು ಚಿತ್ರಿಸಿ, 1965ರ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಮೊದಲ ಬಾರಿಗೆ ದಕ್ಷಿಣ ಭಾರತಕ್ಕೆ ತಂದಿತು. ಆ ನಾಡಿನಲ್ಲಿ ಕಾದಂಬರಿಕಾರನಿಗೂ ಚಿತ್ರರಂಗದಲ್ಲಿ ಮಣೆಯಿತ್ತು.

ಅಂಥ ವಾತಾವರಣದಲ್ಲಿ ಪುಟ್ಟಣ್ಣನವರು 1966ರಲ್ಲಿ 'ಪೂಚ್ಚಕ್ಕಣ್ಣಿ' ಎಂಬ ಮಲೆಯಾಳ ಚಿತ್ರವನ್ನು ನಿರ್ದೇಶಿಸಿದರು. ಅದರ ಮೂಲ ಕನ್ನಡದ ತ್ರಿವೇಣಿಯವರ 'ಬೆಕ್ಕಿನ ಕಣ್ಣು' ಕಾದಂಬರಿ. ತ್ರಿವೇಣಿಯವರು ಆಚಾರ್ಯ ಬಿ. ಎಂ. ಶ್ರೀಯವರ ತಮ್ಮನ ಮಗಳು. ಅವರ ಮನೆತನದ ಊರು ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ನಮ್ಮ ಲೇಖಕಿಯ ಕೃತಿ ಕನ್ನಡದ ತೆರೆಗಿಂತ ಮೊದಲು ನೆರೆನಾಡಿನ ತೆರೆಯನ್ನು ಕಂಡಿತು. 1963ರಲ್ಲಿಯೇ ಕಣ್ಮುಚ್ಚಿದ ತ್ರಿವೇಣಿಯವರು ಅದನ್ನು ನೋಡಲಿಲ್ಲ.

ಮರುವರ್ಷವೇ, ಅಂದರೆ 1967ರಲ್ಲಿ, ಪುಟ್ಟಣ್ಣನವರು ಅದೇ ಲೇಖಕಿಯ 'ಬೆಳ್ಳಿಮೋಡ'ದೊಡನೆ ಕನ್ನಡಕ್ಕೆ ಬಂದರು. ಆಸ್ತಿಯ ಆಸೆಯಿಂದ ಕೈಬಿಟ್ಟವನು ಮತ್ತೆ ಬಯಸಿ ಬಂದಾಗ, ಅವನನ್ನು ಒಲ್ಲೆನೆನ್ನುವ ಇಂದಿರೆಯನ್ನು ಕನ್ನಡಿಗರು ಅಲ್ಲಿ ಕಂಡರು. ಎಂ. ಕೆ. ಇಂದಿರಾ ಅವರ 'ಗೆಜ್ಜೆಪೂಜೆ' 1969ರಲ್ಲಿ ಚಿತ್ರವಾಯಿತು. 1971ರಲ್ಲಿ ತ್ರಿವೇಣಿಯವರ 'ಶರಪಂಜರ' ಬಂದಿತು. ಮನೋರೋಗದಿಂದ ಗುಣ ಹೊಂದಿ ಬಂದ ಗೃಹಿಣಿಯನ್ನು ಮನೆಯೂ ಸಮಾಜವೂ ಮತ್ತೆ ಹುಚ್ಚಿಗೆ ದೂಡುವ ಪರಿಯನ್ನು ಅದು ತೋರಿಸಿತು. 1972ರ 'ನಾಗರಹಾವು' ತ. ರಾ. ಸು. ಅವರ ಕಾದಂಬರಿಗಳಿಂದ ರೂಪುಗೊಂಡಿತು.

ತ. ರಾ. ಸು. ಅವರದೇ 'ಮಸಣದ ಹೂವು' ಚಿತ್ರ ಪೂರ್ಣವಾಗುವ ಮುನ್ನ, 1985ರ ಜೂನ್ 5ರಂದು ಪುಟ್ಟಣ್ಣನವರು ನಿಧನರಾದರು. ಆಗ ಅವರಿಗೆ 51 ವರ್ಷ. ಉಳಿದ ಕೆಲಸವನ್ನು ಕೆ. ಎಸ್. ಎಲ್. ಸ್ವಾಮಿಯವರು ಮುಗಿಸಿದರು. ಕರ್ನಾಟಕ ಸರ್ಕಾರವು ಚಿತ್ರ ನಿರ್ದೇಶಕರಿಗೆ ನೀಡುವ ಪ್ರಶಸ್ತಿಗೆ ಅವರ ಹೆಸರನ್ನಿಟ್ಟಿದೆ.

ಇಂದು ಮಲೆಯಾಳ ಚಿತ್ರಗಳನ್ನು ಹೊಗಳಿ, ಕನ್ನಡದಲ್ಲಿ ಅಂಥ ಕಥೆಗಳೆಲ್ಲಿ ಎಂದು ಕೇಳುವವರು ನಮ್ಮಲ್ಲಿ ಬಹಳ. ಉತ್ತರ ದೂರದಲ್ಲಿಲ್ಲ, ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿಯೂ ಇದ್ದೀತು. ಪುಟ್ಟಣ್ಣನವರು ಕಥೆಗಳನ್ನು ಹೊರಗಿನಿಂದ ತರಲಿಲ್ಲ. ಕನ್ನಡಿಗರು ಬರೆದದ್ದನ್ನು ಮೊದಲು ಓದಿದರು, ಬಳಿಕ ಚಿತ್ರ ಮಾಡಿದರು.