ಕೊಡಗಿನ ಬಯಲಿಗೆ ಹೊರಟ ದಂಪತಿ: ಹರ್ಮನ್ ಮೋಗ್ಲಿಂಗ್ ಮತ್ತು ಪೌಲಿನಾ

ಬೆಂಗಳೂರಿನ ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಕಡೆ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳು ಅನೇಕ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ವಾರವಿಡೀ ಟ್ರಾಫಿಕ್ಕಿನಲ್ಲಿ ಬೆಂದು, ಎರಡು ದಿನ ರಜೆ ಕೂಡಿಬಂದರೆ ಕೊಡಗಿನ ದಾರಿ ಹಿಡಿಯುವುದು ಈಗ ರೂಢಿಯಾಗಿದೆ. ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ಗದ್ದೆ ಬಯಲು, ಬಾಣೆಯ ಹುಲ್ಲು, ಕಾಫಿ ತೋಟದ ಮೌನ. ಹೋಗಬೇಕಾದುದೇ. ಸೃಷ್ಟಿಕರ್ತರಾದ ದೇವರೇ ಏಳನೆಯ ದಿನ ವಿಶ್ರಮಿಸಿದರೆಂದು ಪವಿತ್ರ ಗ್ರಂಥ ಹೇಳುತ್ತದೆ. ಹೋಗುವಾಗ ಬ್ಯಾಗಿನಲ್ಲಿ ಒಂದು ಒಳ್ಳೆಯ ಕ್ರೈಸ್ತ ಪುಸ್ತಕವೂ ಇರಲಿ ಎಂಬುದು ನಮ್ಮ ಆಸೆ. ಅಂಥ ದಂಪತಿಗಳಿಗೆ, ಸುಮಾರು 170 ವರ್ಷಗಳ ಹಿಂದೆ ಅದೇ ಕೊಡಗಿನಲ್ಲಿ ಮನೆ ಮಾಡಿದ್ದ, ಕನ್ನಡದಲ್ಲಿ ಕ್ರೈಸ್ತ ಪುಸ್ತಕಗಳನ್ನು ಓದಲು ದಾರಿ ಮಾಡಿಕೊಟ್ಟವರಲ್ಲಿ ಪ್ರಮುಖರಾದ ಒಬ್ಬರನ್ನು ಪರಿಚಯಿಸಲು ಬಯಸುತ್ತೇವೆ.

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ ಅವರು ಕಥೋಲಿಕರಲ್ಲ, ಬಾಸೆಲ್ ಮಿಶನ್ನಿನ ಪಾದ್ರಿ. ಆ ಕಾಲದಲ್ಲಿ ನಮ್ಮವರಿಗೂ ಅವರಿಗೂ ಸಂಬಂಧ ಅಷ್ಟಕ್ಕಷ್ಟೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕ್ರೈಸ್ತ ಐಕ್ಯವನ್ನು ಕುರಿತ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆದೇಶ ಹೊರಬಂದದ್ದು 1964ರಲ್ಲಿ. ಅದಾದ ಮೇಲೂ ಮಂಗಳೂರಿನ ಕಥೋಲಿಕರು ಬಲ್ಮಠದ ಈ ಹಿರಿಯರನ್ನು ಪತ್ರಿಕಾ ದಿನದಂದು ಮಾತ್ರ ನೆನೆಯುತ್ತಾ ಬಂದಿದ್ದೇವೆ.

ಅವರು ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್‌ನಲ್ಲಿ ದೈವಶಾಸ್ತ್ರ ಕಲಿತರು. ಮಲಯಾಳಂ ನಿಘಂಟಿನಿಂದ ಹೆಸರಾದ ಹರ್ಮನ್ ಗುಂಡರ್ಟ್ ಅವರ ಗೆಳೆಯರು. 1836ರಲ್ಲಿ ಮಂಗಳೂರಿಗೆ ಬಂದು ಕನ್ನಡ ಕಲಿತು, ಹುಡುಗರಿಗಾಗಿ ಶಾಲೆ ನಡೆಸಿದರು. 1843ರ ಜುಲೈ 1ರಂದು ಅವರು ಹೊರತಂದ ಮಂಗಳೂರು ಸಮಾಚಾರ ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಆ ಹಾಳೆಗಳಲ್ಲಿ ಊರ ಸುದ್ದಿ, ಸರಕಾರದ ಕಾಯಿದೆ, ದೂರ ದೇಶಗಳ ವರ್ತಮಾನ, ಕಥೆ, ದಾಸರ ಪದ ಎಲ್ಲವೂ ಇದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಎಂಬ ಹೆಸರು ಪಡೆಯಿತು. ಈ ಕಥೆ ನಮ್ಮ ಓದುಗರಿಗೆ ಗೊತ್ತಿರುವುದೇ. ನಾವು ಹೇಳಹೊರಟಿರುವುದು ಅವರ ಓದಿನ ಬಗ್ಗೆ.

ಧರ್ಮಪ್ರಚಾರಕ್ಕೆಂದು ಬಂದವರು ತಮ್ಮ ಪುಸ್ತಕಗಳನ್ನಷ್ಟೇ ಅಚ್ಚು ಮಾಡಿ ಹಂಚಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅದನ್ನೂ ಮಾಡಿದರು. ಕನ್ನಡದ ಕ್ರೈಸ್ತ ಗೀತೆಗಳ ಆರಂಭದಲ್ಲಿ ಮೋಗ್ಲಿಂಗರ ಮತ್ತು ಅವರ ಬಂಧು ವೈಗ್ಲೆಯವರ ಹೆಸರುಗಳಿವೆ. ಸೆರೆಮನೆ ಕಂಡ ಜಾನ್ ಬನ್ಯನ್ ಎಂಬ ಇಂಗ್ಲಿಷ್ ಬೋಧಕ 1678ರಲ್ಲಿ ಪ್ರಕಟಿಸಿದ ಪ್ರಯಾಣದ ಕಥೆ, ಯಾತ್ರಿಕನ ಸಂಚಾರ ಎಂಬ ಹೆಸರಿನಲ್ಲಿ ಈ ಮಿಶನ್ನಿನ ಮೂಲಕ ಕನ್ನಡಿಗರ ಕೈಸೇರಿತು. ಆದರೆ ಮೋಗ್ಲಿಂಗರು ಇನ್ನೊಂದು ಕೆಲಸವನ್ನೂ ಕೈಗೆತ್ತಿಕೊಂಡರು. ನಿವೃತ್ತ ಆಂಗ್ಲ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ 1848ರಿಂದ ಮುಂದಕ್ಕೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಮುದ್ರಿಸಿದರು. ಓಲೆಗರಿಯಲ್ಲಿದ್ದುದು ಪುಸ್ತಕವಾಯಿತು. ಇದಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಒಂದು ಜನರ ಹಾಡನ್ನೂ ಕಾವ್ಯವನ್ನೂ ಓದದೆ ಅವರಿಗೆ ಶುಭಸಂದೇಶ ಹೇಳಲು ಆಗದು ಎಂಬುದನ್ನು ಅವರು ಅರಿತಿದ್ದರೆಂದು ನಮಗೆ ತೋರುತ್ತದೆ. ಸೆಮಿನರಿಯಲ್ಲಿ ಲ್ಯಾಟಿನ್ ವಿಭಕ್ತಿ ಬಾಯಿಪಾಠ ಮಾಡಿ, ಕುಮಾರವ್ಯಾಸನನ್ನು ತಡವಾಗಿ ಓದಿದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

1852ರ ಹೊತ್ತಿಗೆ ಮೋಗ್ಲಿಂಗರು ದಣಿದಿದ್ದರು. ಹದಿನಾರು ವರ್ಷದ ದುಡಿಮೆಯ ನಂತರ ತಾಯ್ನಾಡಿಗೆ ಮರಳುವ ಏರ್ಪಾಡಾಗಿತ್ತು. ಆಗ ಸನ್ಯಾಸಿಯ ವೇಷದಲ್ಲಿ ಒಬ್ಬ ಕೊಡವರು ಅವರನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು. ಅಲ್ಮಂಡ ಸೋಮಯ್ಯ ಎಂದು ಹೆಸರು. ಸ್ನಾನದೀಕ್ಷೆ ಬೇಕೆಂದು ಕೇಳಿದರು. 1853ರ ಆರಂಭದಲ್ಲಿ ದೀಕ್ಷೆ ಪಡೆದು ಸ್ತೆಫಾನ ಎಂಬ ಹೆಸರು ತೆಗೆದುಕೊಂಡರು. ಹಡಗು ಹತ್ತಬೇಕಾಗಿದ್ದ ಮೋಗ್ಲಿಂಗರು ಪ್ರಯಾಣ ಬಿಟ್ಟು, ಅವರೊಡನೆ ಘಟ್ಟ ಹತ್ತಿದರು. ಮಿಶನ್ನಿನ ಸಂಬಳದ ಆಸರೆಯನ್ನು ಬಿಟ್ಟು, ಸ್ವಂತ ಹೊಣೆಯ ಮೇಲೆ.

ಸೋಮಯ್ಯನವರಿಗೆ ಊರಿನಲ್ಲಿ ಸಿಕ್ಕ ಸ್ವಾಗತ ಸುಖದ್ದಾಗಿರಲಿಲ್ಲ. ಮತ ಬದಲಿಸಿದವನ ಆಸ್ತಿಯ ಹಕ್ಕು ಹೋಗಕೂಡದೆಂದು 1850ರ ಕಾಯಿದೆ ಹೇಳುತ್ತಿತ್ತು. ಆದರೆ ಕಾಯಿದೆ ಬೇರೆ, ಐನ್‌ಮನೆಯ ಅಂಗಳ ಬೇರೆ. ಕೊಡವರಲ್ಲಿ ಮನೆ, ಗದ್ದೆ, ಗುರುಕಾರಣ ಎಲ್ಲವೂ ಇಡೀ ಒಕ್ಕದ್ದು. ಒಬ್ಬ ಹೊರಬಿದ್ದರೆ ಒಕ್ಕಕ್ಕೇ ಪೆಟ್ಟು. ಅವರ ಕಡೆಯ ನೋವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. ಮೋಗ್ಲಿಂಗರು ಮಾತ್ರ ದೀಕ್ಷೆ ಕೊಟ್ಟು ಕೈತೊಳೆದುಕೊಳ್ಳದೆ ಅಲ್ಮಂಡದಲ್ಲೇ ಬಿಡಾರ ಹೂಡಿದರು.

ಪೌಲಿನಾ ಬಾಕ್‌ಮೈಸ್ಟರ್ ಅವರು ಮೋಗ್ಲಿಂಗರ ಬಾಳಿಗೆ ಬಂದದ್ದು ಈ ಕಾಲದಲ್ಲಿ. ಅವರು ಜರ್ಮನಿಯ ಒಬ್ಬ ವಿಧವೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲಿನ ಆ ಪ್ರಯಾಣ ಎಷ್ಟು ಕಷ್ಟದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾದಾಗ ಮೋಗ್ಲಿಂಗರ ವಯಸ್ಸು ನಾಲ್ವತ್ತು ದಾಟಿತ್ತು. ನಿಗದಿಯಾದ ಸಂಬಳವಿಲ್ಲದ, ಮಳೆಗಾಲ ಮುಗಿಯದ ನಾಡಿನಲ್ಲಿ ಮನೆ ಹೂಡಲು ಒಪ್ಪಿದ ಈ ತಾಯಿಯ ಬಗ್ಗೆ ನಮ್ಮ ಚರಿತ್ರೆಯ ಪುಸ್ತಕಗಳು ಒಂದೆರಡು ಸಾಲು ಬರೆದು ಸುಮ್ಮನಾಗುತ್ತವೆ. ಗಂಡಂದಿರ ಹೆಸರಿನಲ್ಲಿ ಚರಿತ್ರೆ ಬರೆಯುವ ಈ ಚಾಳಿ ನಮ್ಮ ಧರ್ಮಸಭೆಯಲ್ಲೂ ಇದೆ.

ಕೊಡಗು ಆ ದಂಪತಿಗೆ ವಿಹಾರದ ಜಾಗವಾಗಲಿಲ್ಲ. ಮಂಗಳೂರು ಸಮಾಚಾರ ಹುಟ್ಟಿದ 1843ರಲ್ಲೇ ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಯ ವಿರುದ್ಧ ಕಾಯಿದೆ ಬಂದಿತ್ತು. ಹತ್ತು ವರ್ಷ ಕಳೆದರೂ ಕೊಡಗಿನ ಗದ್ದೆಗಳಲ್ಲಿ ತಲೆಮಾರಿನಿಂದ ದುಡಿಯುತ್ತಿದ್ದ ಜೀತದಾಳುಗಳಿಗೆ ಸ್ವಂತದ್ದೆಂಬ ಅಂಗೈಯಗಲ ನೆಲ ಇರಲಿಲ್ಲ. ಮೋಗ್ಲಿಂಗರ ಬಳಿಗೆ ಬಂದವರಲ್ಲಿ ಹೆಚ್ಚಿನವರು ಇವರೇ. ಇವರಿಗೆ ಬರೀ ಪುಸ್ತಕ ಕೊಟ್ಟು ಕಳುಹಿಸಿದರೆ ಓದುವುದೆಲ್ಲಿ, ಯಾರ ಜಗಲಿಯಲ್ಲಿ? ಸಿದ್ದಾಪುರ, ಅಮ್ಮತ್ತಿಯ ಕಡೆ ಜಮೀನು ಪಡೆದು, ಕಾಫಿ ನೆಟ್ಟು, ಆನಂದಪುರ ಎಂಬ ಊರು ಕಟ್ಟಿದ್ದು ಈ ಕಾರಣಕ್ಕೆ. ಇಂದು ಕಾಫಿ ತೋಟದ ಹಸಿರನ್ನು ನೋಡಿ ದಣಿವಾರಿಸಿಕೊಳ್ಳುವವರು, ಆ ಹಸಿರು ಯಾರ ಬೆನ್ನಿನ ಮೇಲೆ ಬೆಳೆಯಿತೆಂದು ಒಂದು ಗಳಿಗೆ ಯೋಚಿಸಿದರೆ ರಜೆಯ ಸುಖಕ್ಕೇನೂ ಕುಂದಾಗದು.

ಇಷ್ಟರ ನಡುವೆಯೂ ಬರವಣಿಗೆ ನಿಲ್ಲಲಿಲ್ಲ. ಕೊಡಗಿನ ನಾಡು, ಜನ, ಅರಸರ ಚರಿತ್ರೆ, ಅಲ್ಲಿನ ಮಿಶನ್ ಕೆಲಸ ಇವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಕೂರ್ಗ್ ಮೆಮೊಯಿರ್ಸ್ 1855ರಲ್ಲಿ ಪ್ರಕಟವಾಯಿತು. ಅದು ಅಚ್ಚಾದದ್ದು ಬೆಂಗಳೂರಿನ ವೆಸ್ಲಿಯನ್ ಮಿಶನ್ ಪ್ರೆಸ್ಸಿನಲ್ಲಿ. ಬೆಂಗಳೂರಿನಿಂದ ಕೊಡಗಿಗೆ ಹೋಗುವ ನಮ್ಮ ಓದುಗರು ಮೊದಲು ತಿರುವಿ ನೋಡಬಹುದಾದ ಪುಸ್ತಕ ಇದು. ಅದರಲ್ಲಿನ ಕೆಲವು ತೀರ್ಪುಗಳು ಆ ಕಾಲದ ಯುರೋಪಿಯನ್ನರ ಕನ್ನಡಕದಿಂದ ಕಂಡವು. ಅಂಥವನ್ನು ಎಚ್ಚರದಿಂದ ಓದಬೇಕು.

ಪುಸ್ತಕ ಒಂದರಿಂದ ಏನಾದೀತು ಎಂದು ಕೇಳುವವರಿಗೆ ಸಂತ ಇಗ್ನಾಸಿಯವರನ್ನು ನೆನಪಿಸೋಣ. 1521ರಲ್ಲಿ ಕಾಲಿಗೆ ಗುಂಡೇಟು ಬಿದ್ದು ಹಾಸಿಗೆ ಹಿಡಿದ ಆ ಯೋಧನಿಗೆ ಬೇಕಾಗಿದ್ದದ್ದು ವೀರರ ರಮ್ಯ ಕಥೆಗಳು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ ಮಾತ್ರ. ಬೇಸರ ಕಳೆಯಲು ಓದಿದವನು ಬೇರೆ ಮನುಷ್ಯನಾಗಿ ಎದ್ದ. ಅವರು ಕಟ್ಟಿದ ಸಭೆಯವರು 1878ರ ಕೊನೆಯ ದಿನ ಮಂಗಳೂರಿಗೆ ಬಂದರು. ನಮ್ಮ ಸಂತ ಅಲೋಶಿಯಸ್ ಕಾಲೇಜಿನ ಬೇರು ಹುಡುಕಿದರೆ ಆ ಎರಡು ಪುಸ್ತಕಗಳವರೆಗೆ ಹೋಗಬೇಕು.

ಮತ್ತೆ ಕೊಡಗಿಗೆ. ಪೌಲಿನಾ ಅವರ ಆರೋಗ್ಯ ಕೆಟ್ಟಿತು. 1860ರಲ್ಲಿ ದಂಪತಿ ಜರ್ಮನಿಗೆ ಮರಳಿದರು. ಒಮ್ಮೆ ಸೋಮಯ್ಯನವರಿಗಾಗಿ ಹಡಗು ಬಿಟ್ಟವರು ಈಗ ಹೆಂಡತಿಗಾಗಿ ಹಡಗು ಹತ್ತಿದರು. ಕಟ್ಟಿದ ಊರು ಇನ್ನೂ ಎಳೆಯದು, ಕಾಫಿ ಗಿಡಗಳೂ ಎಳೆಯವು. ಇದನ್ನು ಕರೆಗೆ ಬೆನ್ನು ತಿರುಗಿಸಿದ್ದು ಎಂದು ಯಾರಾದರೂ ಅಂದರೆ ನಾವು ಒಪ್ಪುವುದಿಲ್ಲ. ಮದುವೆಯೂ ಒಂದು ಕರೆಯೇ. ಮೋಗ್ಲಿಂಗರು ಮತ್ತೆ ಕನ್ನಡ ನಾಡಿಗೆ ಬರಲಿಲ್ಲ. ದೂರದಲ್ಲಿದ್ದೂ ಕೊಡಗನ್ನು ಬಿಡದೆ, ಮತ್ತೊಬ್ಬರ ಜೊತೆಗೂಡಿ ಆ ನಾಡಿನ ಬಗ್ಗೆ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಅದು 1866ರಲ್ಲಿ ಪ್ರಕಟವಾಯಿತು. 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು.

ಆನಂದಪುರ ಅನಾಥವಾಗಲಿಲ್ಲ. ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿ, 1844ರಲ್ಲಿ ಮೋಗ್ಲಿಂಗರಿಂದ ಸ್ನಾನದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ, ಗುರುದೀಕ್ಷೆ ಪಡೆದು ಬಂದಿದ್ದರು. ಜರ್ಮನಿಯ ಮರಿ ರೈನ್‌ಹಾರ್ಟ್ ಅವರನ್ನು ಮದುವೆಯಾದ ಅವರು ಮುಂದೆ ಈ ಊರಿನ ಹೊಣೆ ಹೊತ್ತರು. 1893ರಲ್ಲಿ ಕೌಂಡಿನ್ಯರು ನಿಧನರಾದರು.

ಕೊಡಗಿಗೆ ಹೊರಡುವ ದಂಪತಿಗಳಿಗೆ ಒಂದು ಸಲಹೆ. ವೀರಾಜಪೇಟೆಯಲ್ಲಿ ನಮ್ಮ ಸಂತ ಅನ್ನಮ್ಮನವರ ದೇವಾಲಯವಿದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಕರಾವಳಿಯ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರ ಅರಸರು ಆಶ್ರಯ ಕೊಟ್ಟಾಗ, 1792ರಲ್ಲಿ ಆರಂಭವಾದದ್ದು. ಭಾನುವಾರದ ಬಲಿಪೂಜೆಗೆ ಅಲ್ಲಿಗೆ ಹೋಗಿ. ಬರುವಾಗ ಅಮ್ಮತ್ತಿ, ಸಿದ್ದಾಪುರದ ದಾರಿ ಹಿಡಿದರೆ ಆನಂದಪುರ ಸಿಗುತ್ತದೆ. ಅಲ್ಲಿನ ದೇವಾಲಯ ಈಗ ದಕ್ಷಿಣ ಭಾರತ ಸಭೆಗೆ ಸೇರಿದೆ.